ಬೆಸುಗೆ ಹಾಕಿದ ಗಂಗೆ

ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲಿರುವ ನನ್ನ ಅಕ್ಕನ ಮನೆಯ ದೇವರ ಕಪಾಟಿನಲ್ಲಿ, ಮೇಲಿನ ಅಂತಸ್ತಿನಲ್ಲಿ, ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ತಂಬಿಗೆಯೊಂದಿತ್ತು. ಅದರೊಳಗಿರುವುದು ಗೋಮುಖದ ಗಂಗೆ ಎಂದು ಅಕ್ಕ ನಂಬಿದ್ದಳು. ಭಾವ ನಂಬಿದ್ದರು. ಆ ಮನೆಗೆ ಭಜನೆಗೆ ಬರುವ ಹನ್ನೆರಡು ಕುಟುಂಬಗಳು ನಂಬಿದ್ದವು. ಅದರೊಳಗೆ ನಿಜವಾಗಿ ಇದ್ದದ್ದು ಮೆಲ್ಬರ್ನಿನ ಆಚೆ ತುದಿಯ ಕ್ರಾನ್‌ಬರ್ನ್‌ನಲ್ಲಿರುವ ನನ್ನ ಮನೆಯ ನಲ್ಲಿ ನೀರು. ಇಡೀ ದಕ್ಷಿಣ ಗೋಳಾರ್ಧದಲ್ಲಿ ಈ ಸತ್ಯ ಗೊತ್ತಿದ್ದವನು ನಾನೊಬ್ಬನೇ.

ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಕೊನೆಯವರೆಗೆ ಮುಚ್ಚಿಟ್ಟು ಓದುಗರನ್ನು ಬೆರಗುಗೊಳಿಸೋಣವೆಂದರೆ, ಮುಚ್ಚಿಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಇದ್ದದ್ದೆಲ್ಲ ಹದಿನೇಳು ವರ್ಷಗಳಲ್ಲಿ ಖರ್ಚಾಗಿಹೋಗಿದೆ.

ಭಾವ ಎಂಜಿನಿಯರಿಂಗ್ ಓದುತ್ತಿದ್ದ ಕಾಲದಲ್ಲಿ ತಮ್ಮ ತಾಯಿಯನ್ನು ಗಂಗೋತ್ರಿಗೆ ಕರೆದುಕೊಂಡು ಹೋಗಿದ್ದರಂತೆ. ತಾಯಿಯನ್ನು ಛತ್ರದಲ್ಲಿ ಕೂರಿಸಿ, ತಾವೊಬ್ಬರೇ ಇನ್ನೂ ಮೇಲಕ್ಕೆ ನಡೆದು, ಹಿಮದ ಗುಹೆಯೊಳಗಿಂದ ನದಿ ಹೊರಬೀಳುವ ಗೋಮುಖದಲ್ಲೇ ಎರಡು ತಂಬಿಗೆ ತುಂಬಿಸಿ ತಂದಿದ್ದರು. ಹರಿದ್ವಾರದಲ್ಲಿ ಬೆಸುಗೆ ಹಾಕಿಸಿದ್ದಾಯಿತು. ಉಡುಪಿ ಕಡೆಯ ನಮ್ಮಂಥ ಮನೆಗಳಲ್ಲಿ ಇಂಥ ತಂಬಿಗೆ ಇರುತ್ತದೆ. ಯಾರೂ ಅದನ್ನು ತೆರೆಯುವುದಿಲ್ಲ. ಮನೆಯಲ್ಲಿ ಒಬ್ಬರ ಉಸಿರು ಗಂಟಲಿಗೆ ಬಂದಾಗ ಬೆಸುಗೆ ಬಿಡಿಸಿ, ತುಳಸಿದಳದ ಜೊತೆ ಒಂದು ಗುಟುಕು ಬಾಯಿಗೆ ಬಿಡುತ್ತಾರೆ. ಎರಡರಲ್ಲಿ ಒಂದು ತಂಬಿಗೆ ಭಾವನ ತಾಯಿಗೇ ಆಯಿತು. ಇನ್ನೊಂದು ಮುಂದೆ ಯಾರ ಸರದಿಯೋ ಅವರಿಗೆಂದು ಕಾದು ಕೂತಿತ್ತು.

ಹದಿನೆಂಟು ವರ್ಷದ ಹಿಂದೆ ನಾನು ಮದುವೆಯೊಂದಕ್ಕೆ ಊರಿಗೆ ಹೋಗಿದ್ದಾಗ ಅಕ್ಕ ಫೋನು ಮಾಡಿ, “ಬರುವಾಗ ಆ ತಂಬಿಗೆ ತಕೊಂಡು ಬಾ. ಕೈಯಲ್ಲೇ ತಾ, ಪೆಟ್ಟಿಗೆಗೆ ಹಾಕ್ಬೇಡ ಆಯ್ತಾ” ಎಂದಿದ್ದಳು. ವಿಮಾನದೊಳಗೆ ನೀರು ಕೈಯಲ್ಲಿ ಒಯ್ಯಲು ಬಿಡುವುದಿಲ್ಲ ಎಂಬ ಜ್ಞಾನ ನನಗಿತ್ತು, ಅವಳಿಗಿರಲಿಲ್ಲ. ಜ್ಞಾನಿಯಾದ ನಾನು ಅದನ್ನು ಒಂದು ಪಂಚೆಯಲ್ಲಿ ಸುತ್ತಿ, ಹಲಸಿನ ಹಪ್ಪಳದ ಕಟ್ಟುಗಳ ನಡುವೆ ಸೂಟ್‌ಕೇಸಿನಲ್ಲಿಟ್ಟೆ. ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಪ್ರಾಮಾಣಿಕವಾಗಿ ಡಿಕ್ಲೇರ್ ಮಾಡಿದೆ. ಅಧಿಕಾರಿಣಿ ಅದನ್ನು ಯಂತ್ರದೊಳಗೆ ಕಳಿಸಿ ನೋಡಿ, ತಿರುಗಿ ಕೊಟ್ಟಳು. ಅಲ್ಲಿಯವರೆಗೆ ನನ್ನ ನಡತೆ ನಿಷ್ಕಳಂಕ.

ಮನೆಗೆ ಬಂದು ಪೆಟ್ಟಿಗೆ ತೆರೆದರೆ ಹಪ್ಪಳ ಮೆತ್ತಗಾಗಿತ್ತು. ಪಂಚೆ ಒದ್ದೆ. ಕುತ್ತಿಗೆಯ ಬೆಸುಗೆಯ ಅಂಚಿನಲ್ಲಿ ಸಾಸಿವೆ ಕಾಳು ಹಿಡಿಸುವಷ್ಟು ತೂತು. ತಂಬಿಗೆ ಎತ್ತಿದರೆ ಹಗುರ. ಒಳಗೆ ಒಂದು ಹನಿಯಾದರೂ ಉಳಿದಿದೆಯೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತಿತ್ತು. ನಾನು ಅಲ್ಲಾಡಿಸಲಿಲ್ಲ. ಗೊತ್ತಾಗುವುದು ಬೇಡವಾಗಿತ್ತು. ಹೆಂಡತಿ ಇನ್ನೂ ಊರಿನಲ್ಲೇ ಇದ್ದಳು, ಮನೆಯಲ್ಲಿ ಸಾಕ್ಷಿಗಳಿರಲಿಲ್ಲ. ಪಂಚೆಯನ್ನು ಹಿತ್ತಲಿನ ತಂತಿಗೆ ಹಾಕಿದೆ. ಅದು ಫೆಬ್ರವರಿ. ಉತ್ತರದಿಂದ ಬೀಸುವ ಬಿಸಿಗಾಳಿಯಲ್ಲಿ, ಹಿಮಾಲಯ ಎಷ್ಟೋ ಶತಮಾನ ಕೂಡಿಟ್ಟದ್ದು ಅರ್ಧ ಗಂಟೆಯಲ್ಲಿ ಕ್ರಾನ್‌ಬರ್ನ್‌ನ ಆಕಾಶಕ್ಕೆ ಹೋಯಿತು.

ಆಮೇಲೆ ಮೇಜಿನ ಡ್ರಾಯರಿನಿಂದ ನನ್ನ ಹಳೆಯ ಇಂಕ್ ಫಿಲ್ಲರ್ ತೆಗೆದು, ತೊಳೆದು, ಅಡುಗೆಕೋಣೆಯ ನಲ್ಲಿಯ ನೀರನ್ನು ಹನಿಹನಿಯಾಗಿ ತೂತಿನಿಂದ ಒಳಗೆ ಬಿಟ್ಟೆ. ಆ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಮಧ್ಯೆ ಮಧ್ಯೆ, ಗೊತ್ತಿದ್ದಷ್ಟು ಗಂಗಾಷ್ಟಕವನ್ನೂ ಹೇಳಿಕೊಂಡೆ. ಮರುದಿನ ನಾನು ಕೆಲಸ ಮಾಡುತ್ತಿದ್ದ ಟ್ರಾಮ್ ಡಿಪೋಗೆ ಒಯ್ದೆ. ನನ್ನದು ಡ್ರೈವರುಗಳ ಡ್ಯೂಟಿ ಪಟ್ಟಿ ಬರೆಯುವ ಕೆಲಸ, ಆದರೆ ವರ್ಕ್‌ಶಾಪಿನಲ್ಲಿ ಒಬ್ಬ ಗ್ರೀಕ್ ಮಿತ್ರನಿದ್ದ. ಟೀ ವಿರಾಮದಲ್ಲಿ ಬೆಸುಗೆ ಹಾಕಿಕೊಟ್ಟ. “ಒಳಗೇನಿದೆ?” ಎಂದು ಕೇಳಿದ. “ಒಂದು ನದಿ” ಎಂದೆ. “ಚಿಕ್ಕದು” ಎಂದು ಹೇಳಿ ತನ್ನ ಬಿಸ್ಕತ್ತಿಗೆ ಹಿಂತಿರುಗಿದ.

ತಂಬಿಗೆಯನ್ನು ಸಿಡ್ನಿಗೆ ಒಯ್ಯುವಾಗ ಮಾತ್ರ ವಿಮಾನ ಬೇಡವೆಂದು ಹಗಲಿಡೀ ರೈಲಿನಲ್ಲಿ ಕೂತೆ, ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು. ಕಳೆದುಕೊಂಡ ಮೇಲೆ ಜಾಗ್ರತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಅಲ್ಲಿಂದ ಶುರುವಾಯಿತು. ಅಕ್ಕ ತಂಬಿಗೆಗೆ ಕುಂಕುಮ ಹಚ್ಚಿದಳು, ಹೂವೇರಿಸಿದಳು. ನಾನು ಸಿಡ್ನಿಗೆ ಹೋದಾಗಲೆಲ್ಲ, “ಮೊದಲು ಗಂಗೆಗೆ ಅಡ್ಡ ಬೀಳು, ಆಮೇಲೆ ಕಾಫಿ” ಎನ್ನುತ್ತಿದ್ದಳು. ನನ್ನ ಮನೆಯ ಪಾತ್ರೆ ತೊಳೆಯುವ ನೀರಿಗೆ ನಾನೇ ಒಂಬೈನೂರು ಕಿಲೋಮೀಟರ್ ಪ್ರಯಾಣ ಮಾಡಿ ಸಾಷ್ಟಾಂಗ ಹಾಕಿದೆ. ಮೆಲ್ಬರ್ನಿನ ನೀರು ಕಾಡಿನ ಬೆಟ್ಟಗಳಿಂದ ಬರುವಂಥದ್ದು, ರುಚಿ ಒಳ್ಳೆಯದು, ಹಲ್ಲಿಗೆ ಬೇಕಾದ ಔಷಧವನ್ನೂ ಸೇರಿಸಿರುತ್ತಾರೆ ಎಂದು ನೆಲಕ್ಕೆ ಹಣೆ ಮುಟ್ಟಿಸಿಕೊಂಡೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಒಂದು ಹನಿ ಗಂಗೆ ಸೇರಿದರೆ ಬಾವಿಯೇ ಗಂಗೆಯಾಗುತ್ತದೆ ಎನ್ನುವ ಮಾತೂ ಇದೆಯಲ್ಲ. ಆದರೆ ಆ ಒಂದು ಹನಿ ಇತ್ತೇ?

ಹೀಗೇ ಸಾಗಿಹೋಗಬಹುದಿತ್ತು, ಹಿಮ ಕರಗದೆ ಇದ್ದಿದ್ದರೆ. ಗೋಮುಖ ಹಿಂದೆ ಸರಿಯುತ್ತಿದೆ, ಬೆಟ್ಟಗಳ ಹಿಮನದಿಗಳೆಲ್ಲ ಬತ್ತುತ್ತಿವೆ ಎನ್ನುವ ಸುದ್ದಿ ಮೊದಲು ಟೀವಿಯಲ್ಲಿ ಬಂತು. ಆಮೇಲೆ ಭಜನೆಯವರ ವಾಟ್ಸಾಪಿಗೆ ಬಂತು. ಸುದ್ದಿ ಬಂದಷ್ಟೂ ಅಕ್ಕನ ತಂಬಿಗೆಯ ಮಹಿಮೆ ಏರಿತು. “ಹಿಮ ಪೂರ್ತಿ ಇದ್ದಾಗಿನ ನೀರು ಇದು. ಇನ್ನು ಆ ನೀರೇ ಇಲ್ಲ” ಎಂದು ಬಂದವರಿಗೆ ತೋರಿಸುತ್ತಿದ್ದಳು. ಅಲ್ಲಿ ಹಿಮ ಒಂದು ಮಾರು ಹಿಂದೆ ಸರಿದರೆ ಇಲ್ಲಿ ನನ್ನ ಹೆದರಿಕೆ ಒಂದು ಮಾರು ಮುಂದೆ ಬರುತ್ತಿತ್ತು. ಟೀವಿಯಲ್ಲಿ ಹಿಮದ ಗೋಡೆ ಕುಸಿದು ನೀರಿಗೆ ಬೀಳುವುದನ್ನು ತೋರಿಸಿದರೆ ನಾನು ಎದ್ದು ಚಾನೆಲ್ ಬದಲಾಯಿಸುತ್ತಿದ್ದೆ. ಹೆಂಡತಿ ನಾನು ಬಹಳ ಸೂಕ್ಷ್ಮ ಮನಸ್ಸಿನವನೆಂದು ತಿಳಿದಳು.

ಕಳೆದ ವರ್ಷ ಅಕ್ಕನ ಫೋನು ಬಂತು. ಭಾವನ ಹೃದಯ ಸೋತಿತ್ತು. ಆಸ್ಪತ್ರೆಯವರು ಇನ್ನು ಮಾಡುವಂಥದ್ದು ಹೆಚ್ಚಿಲ್ಲ ಎಂದು ಮನೆಗೆ ಕಳಿಸಿದ್ದರು. ದಿನಕ್ಕೊಮ್ಮೆ ನರ್ಸ್ ಬಂದುಹೋಗುತ್ತಿದ್ದಳು. “ಭಾವ ಗಂಗೆ ಕೇಳ್ತಿದ್ದಾರೆ. ನೀನು ಬಾ. ತಂದವನು ನೀನು, ನೀನಿರುವಾಗಲೇ ತೆಗೆಯುವ” ಎಂದಳು.

ಕೇಳ್ತಿದ್ದಾರೆ! ಸಂಧ್ಯಾವಂದನೆಯನ್ನು ಕಾಲೇಜಿನಲ್ಲೇ ಬಿಟ್ಟ ಮನುಷ್ಯ ಭಾವ. ಸಿಡ್ನಿಯ ಉತ್ತರದ ಕಲ್ಲಿದ್ದಲ ಕಣಿವೆಯಲ್ಲಿ ಜೀವಮಾನವಿಡೀ ಗಣಿ ಎಂಜಿನಿಯರಾಗಿದ್ದವರು. ನೆಲದೊಳಗಿಂದ ಎದ್ದ ಕಲ್ಲಿದ್ದಲು ಹಡಗು ಹತ್ತುವವರೆಗಿನ ಲೆಕ್ಕವೆಲ್ಲ ಅವರಿಗೆ ಬಾಯಿಪಾಠ. ಅವರು ಗಂಗೆ ಕೇಳಿದರೆಂದರೆ ಅದು ಸಂಪ್ರದಾಯದ ಬಾಯಾರಿಕೆಯಾಗಿರಲಿಕ್ಕಿಲ್ಲ.

ಮರುದಿನ ರೈಲು ಹತ್ತಿದೆ. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನ ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡುವ ಅಕ್ಕನ ಮಗಳು ವಿಮಾನದಲ್ಲಿ ನನಗಿಂತ ಮೊದಲೇ ತಲುಪಿದ್ದಳು. ಅದರ ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಭಾವನನ್ನು ಗಾಲಿ ಕುರ್ಚಿಯಲ್ಲಿ ಮೇಜಿಗೆ ತಂದರು. ಮುಖ ಸಣ್ಣದಾಗಿತ್ತು, ಮಾತು ಮಾತ್ರ ದಪ್ಪವಾಗಿಯೇ ಇತ್ತು. ಅಪ್ಪ ಮಗಳ ಹಳೆಯ ಮೊಕದ್ದಮೆ ನೀರುದೋಸೆಯ ಮೊದಲ ಸುತ್ತಿನಲ್ಲೇ ಎದ್ದು ನಿಂತಿತು. ಆರಂಭಿಸಿದವರು ಭಾವನೇ.

“ಏನು, ನಿಮ್ಮ ಹಿಮ ಎಲ್ಲಾ ಕರಗಿ ಮುಗೀತಾ?”

“ನಾಟ್ ಫನಿ, ಅಪ್ಪ.”

“ಹಿಮ ಕರಗ್ಲಿಕ್ಕೆ ನಿನ್ನಪ್ಪನೇ ಬೇಕು ಅಂತ ಇಲ್ಲ ಮಾರಾಯ್ತಿ. ಹಿಮಯುಗ ಮುಗಿಯುವಾಗ ಯಾರು ಕಲ್ಲಿದ್ದಲು ಸುಟ್ಟದ್ದು? ಯಾವ ಹಡಗು ಹೋಗಿತ್ತು?”

“ಅದಕ್ಕೆ ಸಾವಿರಾರು ವರ್ಷ ಬೇಕಾಯ್ತು. ಇದು ನಿಮ್ಮ ಒಂದೇ ಲೈಫ್‌ಟೈಮಲ್ಲಿ ಆಗಿರೋದು. ಹಿಮಾಲಯ, ಆಲ್ಪ್ಸ್, ಆಂಡೀಸ್, ಪಕ್ಕದ ನ್ಯೂಜಿಲೆಂಡ್, ಎಲ್ಲಾ ಒಟ್ಟಿಗೆ. ಇಟ್ಸ್ ನಾಟ್ ಎ ಕೋಇನ್ಸಿಡೆನ್ಸ್.”

“ಮಸಿ ಉಂಟಲ್ಲ. ಒಲೆಯದ್ದು, ಕಾಡಿನ ಬೆಂಕಿದ್ದು. ಹಿಮದ ಮೇಲೆ ಕಪ್ಪು ಕೂತ್ರೆ ಬಿಸಿಲು ಎಳೀತದೆ. ಮಳೆಯ ಲೆಕ್ಕ ತಪ್ಪಿದೆ. ಸೂರ್ಯನದ್ದು ಉಂಟು. ಭೂಮಿ ವಾಲುವುದುಂಟು.”

“ನಿಮಗೆ ವಾಲ್ಲಿಕ್ಕೆ ದಿಂಬು ಕೊಡ್ಲಾ?” ಎಂದಳು ಅಕ್ಕ, ಒಲೆಯ ಕಡೆಯಿಂದ.

“ಮಸಿ ಸೇರತ್ತೆ, ಯಾರೂ ಇಲ್ಲ ಅಂದಿಲ್ಲ. ಬಟ್ ಮೇನ್ ರೀಸನ್ ಯಾವುದು ಅಂತ ನಿಮಗೂ ಗೊತ್ತು.” ಅವಳು ನನ್ನ ಕಡೆ ತಿರುಗಿದಳು. “ಮಾಮ, ನೀವು ಹೇಳಿ. ಪ್ಲೀಸ್.”

ನಾನು ನೀರುದೋಸೆಯನ್ನು ಬಹಳ ಗಂಭೀರವಾಗಿ ನಾಲ್ಕಾಗಿ ಮಡಿಸಿದೆ. “ಎರಡೂ ಕಡೆಯಲ್ಲಿ ಸ್ವಲ್ಪ ಸ್ವಲ್ಪ ಸತ್ಯ ಇರ್ತದೆ” ಎಂದೆ.

“ನೋ ಮಾಮ. ಇರಲ್ಲ.”

ಅವಳು ಹೇಳಿದ್ದೇ ಸರಿಯೆಂದು ನನಗೆ ಗೊತ್ತಿತ್ತು. ಆದರೆ ಮನುಷ್ಯ ಮಾಡಿದ್ದಕ್ಕೆ ಮನುಷ್ಯನೇ ಹೊಣೆ ಎನ್ನುವ ವಾಕ್ಯವನ್ನು ಆ ಮನೆಯಲ್ಲಿ, ಆ ಕಪಾಟಿನ ಎದುರು ಕೂತು ಉಚ್ಚರಿಸುವ ಧೈರ್ಯ ನನಗೆ ಹೇಗೆ ಬರಬೇಕು?

ಅಕ್ಕ ಬಂದು ಕೂತಳು. ನಾಳೆ ಬೆಳಿಗ್ಗೆ ಸ್ನಾನ ಆದ ಮೇಲೆ ತಂಬಿಗೆ ತೆರೆಯುವುದೆಂದು ಪ್ರಕಟಿಸಿದಳು. ಭಾವನಿಗೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನು ಹನ್ನೆರಡು ಪುಟ್ಟ ಬಾಟಲಿಗಳಲ್ಲಿ ಭಜನೆಯವರಿಗೆ ಹಂಚುವುದು. “ಎಲ್ಲರ ಮನೆಯಲ್ಲೂ ವಯಸ್ಸಾದವರಿದ್ದಾರೆ. ಕೇಳ್ತಿದ್ದಾರೆ ಪಾಪ. ಇನ್ನು ಸಿಗುವ ವಸ್ತುವಾ ಅದು?” ಬಾಟಲಿಗಳನ್ನು ಆಗಲೇ ತೊಳೆದು ಕಿಟಕಿಯ ಬಳಿ ಬೋರಲು ಹಾಕಿದ್ದಳು. ನಾನು ಎಣಿಸಿದೆ. ಹನ್ನೆರಡು ಮನೆ, ಹನ್ನೆರಡು ಕೊನೆಯುಸಿರು, ಎಲ್ಲಕ್ಕೂ ನನ್ನ ಅಡುಗೆಕೋಣೆಯಿಂದ ಸರಬರಾಜು. ಇಷ್ಟು ದಿನ ನನ್ನ ಹೆದರಿಕೆ ಸಿಕ್ಕಿಬೀಳುವುದರ ಹೆದರಿಕೆಯಾಗಿತ್ತು. ಆ ಬಾಟಲಿಗಳನ್ನು ನೋಡಿದ ಮೇಲೆ ಬೇರೆಯೇ ಒಂದು ಹತ್ತಿಕೊಂಡಿತು. ತೆರೆದರೆ ಒಳಗೆ ನೀರು ಇದ್ದೇ ಇರುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಎಂದೆಂದಿಗೂ ಸಿಕ್ಕಿಬೀಳುವುದೇ ಇಲ್ಲ.

ಮಧ್ಯಾಹ್ನ ನರ್ಸ್ ಬಂದುಹೋದ ಮೇಲೆ ಭಾವ ನನ್ನನ್ನು ಕೋಣೆಗೆ ಕರೆಸಿದರು. “ಆ ತಂಬಿಗೆ ತಾ. ಹೇಗೆ ತೆಗೆಯುವುದು ಅಂತ ನೋಡ್ತೇನೆ. ನಿನ್ನಕ್ಕ ಚಾಕು ಹಾಕಿ ಕೈ ಕೊಯ್ದುಕೊಂಡಾಳು” ಎಂದರು. ತಂದುಕೊಟ್ಟೆ. ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಹಾಸಿಗೆಯ ಪಕ್ಕದ ಡ್ರಾಯರಿನಿಂದ ಒಂದು ಲಕೋಟೆ ತೆಗೆಸಿದರು. ಒಳಗೆ ಫೋಟೋಗಳು. ಮೊದಲನೆಯದು ಕಪ್ಪು ಬಿಳುಪಿನದು: ಸಪೂರ ಕಾಲಿನ ತರುಣ ಭಾವ, ಹಿಂದೆ ಅವರ ಆರೇಳು ಪಟ್ಟು ಎತ್ತರದ ಹಿಮದ ಗೋಡೆ, ಅದರಲ್ಲೊಂದು ಕಪ್ಪು ಬಾಯಿ. ಉಳಿದವು ಪತ್ರಿಕೆಗಳಿಂದ ಕತ್ತರಿಸಿದ್ದು, ಕಂಪ್ಯೂಟರಿನಿಂದ ಪ್ರಿಂಟ್ ತೆಗೆದದ್ದು. ಎಲ್ಲವೂ ಅದೇ ಜಾಗದ್ದು. ಒಂದೊಂದರಲ್ಲೂ ಬಾಯಿ ಹಿಂದೆ ಹೋಗಿತ್ತು. ಕೊನೆಯದರಲ್ಲಿ ಭಾವ ನಿಂತಿದ್ದ ಜಾಗದಲ್ಲಿ ಬರೀ ಕಲ್ಲು, ಕಲ್ಲಿನ ಮೇಲೆ ಕಲ್ಲು, ಬೂದಿ ಬಣ್ಣದ ಒಂದು ತೊರೆ.

“ಅವಳಿಗೆ ತೋರಿಸ್ಲಿಲ್ಲ” ಎಂದರು ಭಾವ. “ತೋರಿಸಿದ್ರೆ ಗೆದ್ದೆ ಅಂತ ಕುಣೀತಾಳೆ.”

ನಾನು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿಟ್ಟೆ.

“ಅವಳ ಹತ್ತಿರ ಮಸಿ, ಸೂರ್ಯ ಅಂತ ಎಲ್ಲಾ ಹೇಳ್ತೇನಲ್ಲ. ಸುಳ್ಳಲ್ಲ, ಅದೂ ಉಂಟು. ಆದ್ರೆ ಅಷ್ಟರಿಂದಲೇ ಆಗಿದ್ರೆ ನಾನು ಇದನ್ನೆಲ್ಲ ಯಾಕೆ ಕೂಡಿಡ್ತಿದ್ದೆ?” ಉಸಿರು ಎಳೆದುಕೊಂಡರು. “ನಂಗೆ ಈ ನೀರು ಮೋಕ್ಷಕ್ಕೆ ಬೇಡ ಮಾರಾಯ. ಆವತ್ತು ಅಲ್ಲಿ ಕುಡಿದಾಗ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅಲ್ಲಿ ಇದ್ದದ್ದರಲ್ಲಿ ಇಷ್ಟೇ ಉಳಿದಿರುವುದು. ನಾನು ಕೆಲಸಕ್ಕೆ ಸೇರುವ ಮುಂಚಿನದ್ದು. ಇದೊಂದನ್ನು ನಾನು ಹಾಳು ಮಾಡ್ಲಿಲ್ಲ ಅಲ್ಲವಾ? ಕುಡಿದು ಹೋಗುವ ಅಂತ. ಹೆದರಿಕೆ ಆಗ್ತದೆ.”

ಆ ಮನುಷ್ಯನ ಬಾಯಲ್ಲಿ ಹೆದರಿಕೆ ಎಂಬ ಶಬ್ದವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗಣಿಯೊಳಗೆ ಮೇಲ್ಛಾವಣಿ ಬಿರುಕುಬಿಟ್ಟ ದಿನದ ಕಥೆಯನ್ನು ಕೂಡ ಅವರು ಊಟದ ಮೇಜಿನಲ್ಲಿ ನಗುತ್ತಲೇ ಹೇಳಿದ್ದರು.

ಆಮೇಲೆ ಕನ್ನಡಕ ಏರಿಸಿ ತಂಬಿಗೆಯ ಕುತ್ತಿಗೆಯನ್ನು ಬೆಳಕಿಗೆ ಹಿಡಿದರು. ಬೆರಳು ಬೆಸುಗೆಯ ಸುತ್ತ ಹೋಯಿತು, ಒಂದು ಕಡೆ ನಿಂತಿತು, ಹಿಂದೆ ಬಂತು.

“ಇದೆಂತದು? ಇಲ್ಲಿ ಮಾತ್ರ ಬೇರೆ ಉಂಟಲ್ಲ. ಹೊಳೀತದೆ.”

“ಹಳತಾದ್ರೆ ಬಣ್ಣ ಬದಲಾಗ್ತದೆ ಭಾವ” ಎಂದೆ.

“ತನ್ನಷ್ಟಕ್ಕೇ?”

“ತನ್ನಷ್ಟಕ್ಕೇ.”

ಭಾವ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೆಳಿಗ್ಗೆ, ಭೂಮಿ ವಾಲುತ್ತದೆ ಎಂದಾಗ ಮಗಳು ಅವರನ್ನು ನೋಡಿದ್ದೂ ಹಾಗೆಯೇ. ಕಿಟಕಿಯಾಚೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಅದು ನಿಂತಾಗ ನನ್ನ ಬಾಯಿ ಶುರುವಾಗಿತ್ತು. ಸೂಟ್‌ಕೇಸು, ಹಪ್ಪಳ, ಪಂಚೆ, ಇಂಕ್ ಫಿಲ್ಲರ್, ಗ್ರೀಕ್ ಮಿತ್ರ, ಎಲ್ಲವನ್ನೂ ಹೇಳಿದೆ.

ಭಾವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಪಘಾತದ ತನಿಖೆಗೆ ಬಂದ ಎಂಜಿನಿಯರಿನಂತೆ ಪ್ರಶ್ನೆ ಕೇಳಿದರು. ತೂತು ಎಷ್ಟು ದೊಡ್ಡದಿತ್ತು? ಬೆಸುಗೆ ಮೊದಲೇ ಸಡಿಲವಾಗಿತ್ತೇ? ವಿಮಾನದ ಹೊಟ್ಟೆಯಲ್ಲಿ ಚಳಿಗೆ ತಾಮ್ರ ಕುಗ್ಗಿರಬಹುದೇ? ಒತ್ತಡ? ಪೆಟ್ಟಿಗೆ ಎಸೆದವರು? ನಾನು ಪ್ರತಿಯೊಂದಕ್ಕೂ ಆಸೆಯಿಂದ, “ಆಗಿರಬಹುದು ಭಾವ” ಎಂದೆ. ಒಂದೊಂದು ಸಲ ‘ಆಗಿರಬಹುದು’ ಎಂದಾಗಲೂ ನನ್ನ ಪಾಲು ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿರುವಂತೆ ಅನಿಸಿತು.

“ಒಳಗೆ ಒಂದು ಹನಿಯಾದ್ರೂ ಉಳಿದಿತ್ತಾ?”

“ನೋಡ್ಲಿಲ್ಲ.”

“ಅಲ್ಲಾಡಿಸಿದ್ರೆ ಗೊತ್ತಾಗ್ತಿತ್ತು.”

“ಹೌದು.”

“ಮತ್ತೆ?”

“ಇಲ್ಲ ಅಂತಾದ್ರೆ ಎಂತ ಮಾಡುವುದು ಅಂತ ಹೆದರಿದೆ.”

ಭಾವ ತಂಬಿಗೆಯ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ನನಗೆ ನರ್ಸಿನ ನಂಬರು ಹುಡುಕಬೇಕೆನಿಸುವಷ್ಟು ಹೊತ್ತು.

“ಆವಾಗಲೇ ಹೇಳಿದ್ರೆ” ಎಂದರು ಕೊನೆಗೆ, “ನಾನೇ ಹೋಗಿ ಇನ್ನೊಂದು ತರ್ತಿದ್ದೆ. ಹದಿನೇಳು ವರ್ಷದ ಹಿಂದೆ ನಂಗೆ ಕಾಲಲ್ಲಿ ಶಕ್ತಿ ಇತ್ತು. ಅಲ್ಲಿ ಹಿಮ ಕೂಡ ಇಷ್ಟು ದೂರ ಹೋಗಿರ್ಲಿಲ್ಲ.” ಮತ್ತೆ ಸ್ವಲ್ಪ ಬಿಟ್ಟು, “ನಮ್ಮ ಆಫೀಸಿಗೂ ಕಾಗದ ಬರ್ತಿತ್ತು. ಕಲ್ಲಿದ್ದಲು ಸುಟ್ರೆ ಹೀಗೆ ಹೀಗೆ ಆಗ್ತದೆ, ಓದಿ ನೋಡಿ ಅಂತ. ನಾನು ಫೈಲಿಗೆ ಹಾಕ್ತಿದ್ದೆ. ಓದ್ಲಿಲ್ಲ. ನಿನ್ನ ಹಾಗೇ.”

ನಾನು ಏನೋ ಸಮಾಧಾನದ ಮಾತು ಹುಡುಕುತ್ತಿದ್ದೆ. ಭಾವ ಕೈಯೆತ್ತಿ ತಡೆದರು.

“ಹೋಗು, ನಿನ್ನಕ್ಕನಿಗೆ ಹೇಳು. ನಾನು ಇರುವಾಗಲೇ ಹೇಳು.”

ಈ ಬರಹದ ಅತ್ಯಂತ ಭಯಂಕರ ಭಾಗ ಇದು. ಹೃದಯ ಸೋತ ಮನುಷ್ಯನ ಎದುರು ತಪ್ಪೊಪ್ಪಿಕೊಳ್ಳುವುದು ಒಂದು ಮಾತು. ಎಪ್ಪತ್ತನಾಲ್ಕು ವರ್ಷದ, ಗಟ್ಟಿಮುಟ್ಟಾದ, ಕೈಯಲ್ಲಿ ಚಾಕು ಹಿಡಿದು ಬೆಂಡೆಕಾಯಿ ಹೆಚ್ಚುತ್ತಿರುವ ಅಕ್ಕನ ಎದುರು ಒಪ್ಪಿಕೊಳ್ಳುವುದು ಇನ್ನೊಂದು. ಬಾಗಿಲಲ್ಲೇ ನಿಂತು ಹೇಳಿದೆ. ಒಂದೇ ಉಸಿರಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಬೆಂಡೆಕಾಯಿಯನ್ನು ಪೂರ್ತಿ ಹೆಚ್ಚಿ ಮುಗಿಸಿದಳು.

“ಯಾವ ನಲ್ಲಿ?”

“ಅಡುಗೆಕೋಣೆದು.”

“ಎಂಜಲು ಪಾತ್ರೆ ತೊಳೆಯುವುದಾ?”

“ಅದೇ.”

“ಅದಕ್ಕೆ ನೀನೂ ಅಡ್ಡ ಬಿದ್ದಿದ್ದಿ. ಪ್ರತಿ ಸರ್ತಿ. ನಾನು ನೋಡಿದ್ದೇನೆ.” ಚಾಕು ಕೆಳಗಿಟ್ಟಳು. “ನಗು ಬರ್ಲಿಲ್ವಾ ನಿಂಗೆ?”

“ಹೆದರಿಕೆ ಬರ್ತಿತ್ತು.”

ಅವಳು ಅಳಲಿಲ್ಲ. ಕಿಟಕಿಯ ಬಳಿ ಬೋರಲು ಹಾಕಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ತನ್ನ ಫೋನು ತಂದು ನನ್ನ ಕೈಗೆ ಕೊಟ್ಟಳು. “ಹನ್ನೆರಡು ಮನೆಗೂ ನೀನೇ ಹೇಳು. ನನ್ನಿಂದ ಆಗುವುದಿಲ್ಲ.”

ಡಿಪೋದಲ್ಲಿ ಮೂವತ್ತು ವರ್ಷ ಡ್ರೈವರುಗಳಿಗೆ ರಜೆ ಇಲ್ಲವೆಂದು ಫೋನಿನಲ್ಲಿ ಹೇಳಿದ ಅನುಭವಿ ನಾನು. ಅದಾವುದೂ ಉಪಯೋಗಕ್ಕೆ ಬರಲಿಲ್ಲ. ಆದರೆ ನನ್ನನ್ನು ನಡುಗಿಸಿದ್ದು ಅವರ ಸಿಟ್ಟಲ್ಲ. ಯಾರೂ ಸಿಟ್ಟಾಗಲೇ ಇಲ್ಲ. “ಅಯ್ಯೋ ಅಂಕಲ್, ಕ್ಯಾಬಿನ್ ಪ್ರೆಷರ್‌ಗೆ ಹಾಗೇ ಆಗೋದು, ನಿಮ್ಮ ಮಿಸ್ಟೇಕ್ ಅಲ್ಲ ಬಿಡಿ” ಎಂದರು ಬೆಂಗಳೂರಿನ ಕಡೆಯ ಒಬ್ಬರು. ಇನ್ನೊಬ್ಬರು ಅದು ವಿಮಾನ ನಿಲ್ದಾಣದವರೇ ಪರೀಕ್ಷೆಗೆಂದು ಮಾಡಿದ ತೂತು ಎಂದು ಖಂಡಿತವಾಗಿ ಹೇಳಿದರು. ಮತ್ತೊಬ್ಬರು ಹರಿದ್ವಾರದ ಬೆಸುಗೆಯವನ ಕುಲವನ್ನೇ ಎಳೆದರು. ಒಬ್ಬ ಆಂಟಿ ಮಾತ್ರ, “ದೇವರ ಇಚ್ಛೆ ಅಣ್ಣ, ತಾನಾಗಿ ಹೋದದ್ದು” ಎಂದು ಸಮಾಧಾನ ಮಾಡಿ, ನಮ್ಮ ಮೆಲ್ಬರ್ನಿನ ನೀರಾದರೂ 'ಒಂಚೂರು' ಸಿಗುತ್ತದೆಯೇ ಎಂದು ಕೇಳಿದರು. ಹನ್ನೆರಡು ಮನೆಗಳೂ ನನ್ನನ್ನು ಬಿಡುಗಡೆ ಮಾಡಲು ಕಾತರವಾಗಿದ್ದವು. ನಾನು ಒಂದು ಕಾರಣ ಆರಿಸಿಕೊಂಡು ಹೌದೆಂದರೆ ಮುಗಿಯಿತು. ನಾನು ಮಾಡಿದ್ದು, ನಾನೇ ಮುಚ್ಚಿಟ್ಟದ್ದು ಎಂದು ಪ್ರತಿ ಸಲವೂ ಮತ್ತೆ ಹೇಳಬೇಕಾಯಿತು. ಹೇಳಿದಷ್ಟೂ ಅವರಿಗೆ ಮುಜುಗರ, ಬೇಗ ಬೇಗ ಫೋನಿಟ್ಟರು.

ಸಂಜೆ ಮಗಳಿಗೂ ಗೊತ್ತಾಯಿತು. ಅವಳು ಅಪ್ಪನ ಹಾಸಿಗೆಯ ಪಕ್ಕ ಕೂತು ಆ ಫೋಟೋಗಳನ್ನು ನೋಡಿದಳು. ಕುಣಿಯಲಿಲ್ಲ. “ನಾನು ಹೋಗಿ ತರ್ತೀನಿ ಅಪ್ಪ. ಐ ಕ್ಯಾನ್ ಟೇಕ್ ಲೀವ್. ಟೆನ್ ಡೇಸ್.”

“ಬೇಡ” ಎಂದರು ಭಾವ. “ದಾರಿಯಲ್ಲಿ ಕಲ್ಲು ಜಾರ್ತದಂತೆ ಈಗ. ಹಿಮ ಹಿಡಿದುಕೊಂಡದ್ದೆಲ್ಲ ಸಡಿಲ ಆಗಿದೆ.” ನಂತರ ಮೆಲ್ಲಗೆ, “ನೀನು ತರುವುದು ಆವತ್ತು ನಾನು ನೋಡಿದ ನೀರಾಗುವುದಿಲ್ಲ ಮಗ.”

ಹತ್ತು ದಿನ ತಮಗೆ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಯನ್ನು ಅವರು ಹೇಳಲಿಲ್ಲ, ಎಲ್ಲರಿಗೂ ಕೇಳಿಸಿತು. ನಿಜದಲ್ಲಿ ಭಾವ ಅನಂತರ ಒಂದು ತಿಂಗಳು ಇದ್ದರು. ಆ ತಿಂಗಳ ವಿಷಯ ಇಲ್ಲಿ ಬೇಡ.

ಮರುದಿನ ಬೆಳಿಗ್ಗೆ ಎದ್ದಾಗ ತಂಬಿಗೆ ದೇವರ ಕಪಾಟಿನಲ್ಲಿರಲಿಲ್ಲ. ಎಲ್ಲಿ ಎಂದು ಕೇಳುವ ಅಧಿಕಾರ ನನಗಿರಲಿಲ್ಲ. ಭಜನೆಯವರಲ್ಲಿ ಯಾರೋ ಇಂಡಿಯನ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಶೀಷೆಯ ಗಂಗಾಜಲವನ್ನು ಬಾಗಿಲಲ್ಲಿಟ್ಟು ಹೋಗಿದ್ದರು. ಅದೂ ಸ್ವಲ್ಪ ಹೊತ್ತಿನಲ್ಲಿ ಕಾಣೆಯಾಯಿತು. ತಂಬಿಗೆ ತೆರೆಯಬೇಕೆಂದು ಗೊತ್ತು ಮಾಡಿದ್ದ ಹೊತ್ತಿಗೆ ಅಕ್ಕ ಸ್ನಾನ ಮಾಡಿ, ಒದ್ದೆ ತಲೆಗೆ ಬೈರಾಸು ಕಟ್ಟಿಕೊಂಡು, ಸ್ಟೀಲಿನ ಲೋಟವೊಂದನ್ನು ಹಿಡಿದು ಕೋಣೆಗೆ ಬಂದಳು. ಲೋಟದಲ್ಲಿ ಯಾವ ನೀರಿದೆ ಎಂದು ನಾವು ಯಾರೂ ಕೇಳಲಿಲ್ಲ. ಭಾವ ಕೇಳಿಯಾರು ಎಂದು ನಾನು ಗೋಡೆಗೆ ಒರಗಿ ನಿಂತೆ.

ಮಗಳು ಅಪ್ಪನ ತಲೆ ಎತ್ತಿ ಹಿಡಿದಳು. ಅಕ್ಕ ಲೋಟವನ್ನು ತುಟಿಗಿಟ್ಟಳು. ಭಾವ ಒಂದು ಗುಟುಕು ಕುಡಿದರು. ಬಾಯೊಳಗೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು. ಏನನ್ನೋ ಹುಡುಕುವವರಂತೆ ಕಣ್ಣು ತೆರೆದರು.

“ತಣ್ಣಗಿಲ್ಲ” ಎಂದರು.

ಅಕ್ಕ ಮಗಳ ಮುಖ ನೋಡಿದಳು. ಮಗಳು ನನ್ನ ಮುಖ ನೋಡಿದಳು. ನಾನು ನೋಡೋಣವೆಂದರೆ ನನ್ನ ಆಚೆಗೆ ಯಾರೂ ಇರಲಿಲ್ಲ.